ಎರೆಹುಳ, ಕಡಲಹುಳ: ಗಾಳದ ಎರೆ ಜೀವಂತ ಇಡುವ ಟಿಪ್ಪಣಿ

ಗಾಳಕ್ಕೆ ಚುಚ್ಚುವುದಕ್ಕೆ ಎರೆ ಅಂತಾರೆ. ಹುಳಕ್ಕೂ ಎರೆ. ನಮ್ಮ ಬಾಗಲಕೋಟೆ ಕಡೆ ಕರಿಮಣ್ಣಿನ ಹೊಲವೂ ಎರಿ ಹೊಲವೇ. ಮಾತು ಒಂದೇ ಇರೋದಕ್ಕೋ ಏನೋ, ಗಾಳ ಕಲಿಯೋಕೆ ಶುರು ಮಾಡಿದಾಗ ನಾನು ಎರೆಹುಳ ಹಿಡಿದು ಎರಿ ಮಣ್ಣು ತುಂಬಿದ ಡಬ್ಬಿಗೆ ಹಾಕಿದೆ. ಮರುದಿನ ಘಟಪ್ರಭೆ ದಂಡೆಯಲ್ಲಿ ಮುಚ್ಚಳ ತೆಗೆದರೆ ಒಂದೂ ಅಲುಗಾಡಲಿಲ್ಲ. ಎರಿ ಮಣ್ಣು ಒದ್ದೆಯಾದರೆ ಕಣಕದ ಹಾಗೆ ಅಂಟಿಕೊಳ್ಳುತ್ತದೆ. ನಡುವೆ ಗಾಳಿಗೆ ಜಾಗವೇ ಇರುವುದಿಲ್ಲ. ಹೊಲದಲ್ಲಾದರೆ ಹುಳ ಕೊರೆದು ದಾರಿ ಮಾಡಿಕೊಳ್ಳುತ್ತದೆ. ಡಬ್ಬಿಯಲ್ಲಿ ಅದು ಎಲ್ಲಿಗೆ ಹೋಗಬೇಕು?

ಮುಂದೆ ಓದುವಾಗ ಇದೊಂದನ್ನು ನೆನಪಿಟ್ಟುಕೊಳ್ಳಿ. ಡಬ್ಬಿಯಲ್ಲಿ ಹುಳ ಹಸಿವಿನಿಂದ ಸಾಯುವುದಿಲ್ಲ, ಉಸಿರು ಕಟ್ಟಿ ಸಾಯುತ್ತದೆ. ಎರೆಹುಳಕ್ಕೆ ಶ್ವಾಸಕೋಶ ಇಲ್ಲ, ಚರ್ಮದಿಂದಲೇ ಉಸಿರಾಟ. ಚರ್ಮ ಒಣಗಿದರೆ ಆಮ್ಲಜನಕ ಒಳಗೆ ಇಳಿಯುವುದಿಲ್ಲ. ಹಾಗಂತ ನೀರು ಸುರಿದು ನಿಲ್ಲಿಸಿದರೆ ಆ ನೀರಿನಲ್ಲಿದ್ದ ಆಮ್ಲಜನಕವೂ ಬೇಗ ಮುಗಿಯುತ್ತದೆ. ಅದಕ್ಕೆ ಹಸಿ ಇರಬೇಕು, ರಾಡಿ ಆಗಬಾರದು. ನಾನೀಗ ತೆಂಗಿನ ನಾರಿನ ಪುಡಿ, ಚೂರು ಮಾಡಿದ ರದ್ದಿ ಪೇಪರ್ ಸೇರಿಸಿ ಇಡುತ್ತೇನೆ. ಒಂದು ಹಿಡಿ ತಗೊಂಡು ಹಿಂಡಿದರೆ ಒಂದೆರಡು ಹನಿ ಬಂದರೆ ಸಾಕು. ಧಾರೆ ಇಳಿದರೆ ಜಾಸ್ತಿಯಾಯ್ತು. ಸಗಣಿ ಹಾಕುವುದಾದರೆ ಹಳೆಯದನ್ನೇ ಹಾಕಿ. ಹಸಿ ಸಗಣಿ ಕಾವು ಏರಿಸುತ್ತದೆ, ಅಮೋನಿಯವನ್ನೂ ಬಿಡುತ್ತದೆ.

ಸಮುದ್ರದ ಲೆಕ್ಕವೇ ಬೇರೆ. ಇಂಗ್ಲಿಷ್ ವಿಡಿಯೋ ನೋಡಿದವರಿಗೆ ಲಗ್‌ವರ್ಮ್, ರ್ಯಾಗ್‌ವರ್ಮ್ ಹೆಸರು ಗೊತ್ತಿರುತ್ತದೆ. ಎರಡೂ ಗಾಳಕ್ಕೆ ಚುಚ್ಚುವ ಕಡಲಹುಳಗಳು, ಪಾಲಿಕೀಟ್ ಅನ್ನೋ ಗುಂಪಿನವು. ಎರೆಹುಳಕ್ಕೆ ದೂರದ ನೆಂಟರು. ಲಗ್ ಉಸುಕು ತಿಂದು ಬದುಕುತ್ತದೆ. ಇಂಗ್ಲಿಷಿನ ಯು ಅಕ್ಷರದ ಹಾಗೆ ಬಿಲ ತೋಡಿ, ಮೇಲೆ ಶಾವಿಗೆ ಸುತ್ತಿಟ್ಟಂತೆ ಉಸುಕು ಹಾಕುತ್ತದೆ. ರ್ಯಾಗ್ ಓಡಾಡುವ ಹುಳ. ಎರಡೂ ಬದಿಗೆ ಸಾಲಾಗಿ ಚಿಕ್ಕ ಚಿಕ್ಕ ಕಾಲಿನಂಥವು. ತಲೆ ಕಡೆ ಬೆರಳು ಒತ್ತಿದರೆ ಗಂಟಲೇ ಹೊರಗೆ ತಿರುವಿಕೊಂಡು ಬರುತ್ತದೆ, ತುದಿಯಲ್ಲಿ ಎರಡು ಕರಿ ದವಡೆ. ಚಿವುಟಿದ ಹಾಗೆ ಕಚ್ಚುತ್ತದೆ. ನಮ್ಮ ಕರಾವಳಿಯ ಅಳಿವೆಗಳ ಉಸುಕಿನಲ್ಲೂ ಈ ಗುಂಪಿನ ಹುಳಗಳಿವೆ.

ಲಗ್‌ವರ್ಮ್ ರಕ್ತದ ಸಂಗತಿ ನನಗೆ ಬಲು ಇಷ್ಟ. ನಮ್ಮ ಹಿಮೋಗ್ಲೋಬಿನ್‌ನ ಒಂದು ಅಣು 4 ಆಮ್ಲಜನಕದ ಅಣು ಹೊರುತ್ತದೆ. ಇದರದು ದೈತ್ಯ ಅಣು, 156 ಹೊರುತ್ತದೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಬಿಲದೊಳಗೆ ತಡೆದುಕೊಳ್ಳಲು ಇದು ನೆರವಾಗುತ್ತದೆ. ಅಷ್ಟು ಗಟ್ಟಿ ಹುಳ ಪ್ಲಾಸ್ಟಿಕ್ ಡಬ್ಬಿಯಲ್ಲಿ ಯಾಕೆ ಸಾಯುತ್ತದೆ? ಸೆಕೆಗೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಜೀವಿಗೆ ಬೇಕಾಗುವ ಆಮ್ಲಜನಕ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಇತ್ತ ನೀರು ಹಿಡಿದಿಡುವ ಆಮ್ಲಜನಕವೋ ಕಡಿಮೆ ಆಗುತ್ತದೆ. ಸಿಹಿನೀರಲ್ಲಿ 10 ಡಿಗ್ರಿಗೆ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕರಗುತ್ತದೆ, 30 ಡಿಗ್ರಿಗೆ ಏಳೂವರೆ. ಉಪ್ಪುನೀರಲ್ಲಿ ಇನ್ನೂ ಕಡಿಮೆ. ಖರ್ಚು ಏರಿತು, ಗಳಿಕೆ ಇಳಿಯಿತು.

ಹಾಗಾಗಿ ಆಳದ ಬಕೆಟ್ ಬೇಡ, ಅಗಲದ ತಾಟು ಬೇಕು. ಒಂದೆರಡು ದಿನಕ್ಕಾದರೆ ನೀರೂ ಬೇಡ. ಪೇಪರನ್ನು ಸಮುದ್ರದ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಹಾಸಬೇಕು. ಹುಳಗಳನ್ನು ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿಯಾಗಿ ಇಟ್ಟು ಮೇಲೊಂದು ಪದರ ಹೊದಿಸಬೇಕು. ತುಂಡಾದ ಹುಳ ಒಳಗೆ ಸೇರಿಸಬೇಡಿ. ಲಗ್ ಮತ್ತು ರ್ಯಾಗ್ ಬೇರೆ ಬೇರೆ ಇಡಿ. ರ್ಯಾಗ್ ಕಚ್ಚುತ್ತದೆ ಅಂತ ಆಗಲೇ ಹೇಳಿದೆನಲ್ಲ.

ನಲ್ಲಿ ನೀರು ಮಾತ್ರ ತಾಗಿಸಬೇಡಿ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಹುಳದ ಮೈಯ ದ್ರವವೂ ಅಷ್ಟೇ ಉಪ್ಪು. ಸಿಹಿನೀರಿಗೆ ಹಾಕಿದರೆ ನೀರು ಒಳಗೆ ನುಗ್ಗಿ ಹುಳ ಉಬ್ಬುತ್ತದೆ. ಎರೆಹುಳವನ್ನು ಉಪ್ಪುನೀರಿಗೆ ಹಾಕಿದರೆ ಇದರ ಉಲ್ಟಾ, ಸುಕ್ಕುಗಟ್ಟಿ ಮೆತ್ತಗಾಗುತ್ತದೆ. ಅದಕ್ಕೇ ಕಾರವಾರದಲ್ಲಿ ಎರೆಹುಳ ಗಾಳದಲ್ಲಿ ಹೆಚ್ಚು ಹೊತ್ತು ಒದ್ದಾಡುವುದಿಲ್ಲ. ಅಡುಗೆ ಉಪ್ಪು ಕಲಸಿದರೆ ಆಗೋದಿಲ್ವಾ ಅಂತ ಕೇಳುವವರಿದ್ದಾರೆ. ಆಗೋದಿಲ್ಲ. ಸಮುದ್ರದ ಲವಣದಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕೂಡ ಇವೆ. ಕಾಳಿ ನದಿಯ ಅಳಿವೆಯಲ್ಲಿ ಮಳೆಗಾಲಕ್ಕೆ ಉಪ್ಪು ಕಡಿಮೆಯಾಗುತ್ತದೆ. ಹಾಗಾಗಿ ಹುಳ ಸಿಕ್ಕ ಜಾಗದ ನೀರನ್ನೇ ಎರಡು ಬಾಟಲಿ ತುಂಬಿಕೊಳ್ಳಿ.

ಇನ್ನು ತಂಪಿನ ಮಾತು. ನಮ್ಮ ಕಡೆ ಬೇಸಿಗೆಯಲ್ಲಿ ಎರೆಹುಳದ ಡಬ್ಬಿಯನ್ನು ಮಣ್ಣಿನ ಹರವಿಯಲ್ಲಿಟ್ಟು, ಸುತ್ತ ಹಸಿ ಅರಿವೆ ಸುತ್ತಿ ನೆರಳಿಗಿಟ್ಟರೆ ಸಾಕು. ಒಣ ಗಾಳಿಗೆ ನೀರು ಆರುವಾಗ ಕಾವನ್ನೂ ಎಳೆದುಕೊಂಡು ಹೋಗುತ್ತದೆ. ಅದೇ ಉಪಾಯವನ್ನು ಕಾರವಾರದ ಲಾಡ್ಜಿನಲ್ಲಿ ಮಾಡಿ ಕೆಟ್ಟೆ. ಸಂಜೆ ಇಳಿತದಲ್ಲಿ ತಂದ ಹುಳ ಬೆಳಿಗ್ಗೆ ಅರ್ಧ ಸತ್ತಿದ್ದವು. ಅಲ್ಲಿನ ಗಾಳಿಯಲ್ಲೇ ಅಷ್ಟು ಪಸೆ, ಅರಿವೆ ಬೆಳಗಿನ ತನಕ ಆರಲೇ ಇಲ್ಲ. ಆರದಿದ್ದರೆ ತಂಪೂ ಇಲ್ಲ. ಕರಾವಳಿಗೆ ಥರ್ಮಾಕೋಲ್ ಪೆಟ್ಟಿಗೆ, ಮಂಜುಗಡ್ಡೆ ತುಂಬಿದ ಬಾಟಲಿಯೇ ಬೇಕು. ಬಾಟಲಿಗೆ ಪೇಪರ್ ಸುತ್ತಿ ಒಂದು ಮೂಲೆಗಿಡಿ. ಕರಗಿದ ನೀರು ಹುಳಕ್ಕೆ ತಾಗಬಾರದು, ಅದೂ ಸಿಹಿನೀರೇ ಅಲ್ವಾ. ವಿಲಾಯತಿಯವರು ಫ್ರಿಜ್‌ನಲ್ಲಿ 4-5 ಡಿಗ್ರಿಗೆ ಇಡ್ತಾರೆ, ಅವರ ಸಮುದ್ರವೇ ತಣ್ಣಗಿರುತ್ತದೆ. ನಮ್ಮ ಬೆಚ್ಚನೆ ನೀರಿನ ಹುಳವನ್ನು ಒಮ್ಮೆಲೇ ಅಷ್ಟು ಚಳಿಗೆ ದೂಡಬಾರದು.

ಎರೆಹುಳವನ್ನಾದರೆ ಫ್ರಿಜ್‌ನ ಕೆಳಗಿನ ತರಕಾರಿ ಖಾನೆಯಲ್ಲಿ ಇಡಬಹುದು, ಮನೆಯವರು ಒಪ್ಪಿದರೆ. ನಮ್ಮವ್ವ ಮೆಂತ್ಯ ಸೊಪ್ಪು ಅಂದುಕೊಂಡು ಪುಡಿಕೆ ಬಿಚ್ಚಿ, “ಏನಲೇ, ಇದರಾಗ ಹುಳಾ ಇಟ್ಟೀಯಲ್ಲ!” ಅಂತ ಕೂಗಿದ್ದು ಓಣಿಗೆಲ್ಲ ಕೇಳಿತ್ತು. ಈಗ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿಡುತ್ತೇನೆ.

ದಿನಕ್ಕೆರಡು ಸಲ ಪದರ ಬಿಚ್ಚಿ ನೋಡಿ. ಬೆರಳು ತಾಗಿದ ಕೂಡಲೇ ಮುದುಡಿದರೆ ಗಟ್ಟಿಯಿದೆ. ಸುಮ್ನೆ ಬಿದ್ದಿದ್ದು, ಬಣ್ಣ ಮಂಕಾಗಿ ಲೋಳೆ ಬಿಟ್ಟಿದ್ದರೆ ಆಗಲೇ ತೆಗೆಯಿರಿ. ಒಂದು ಕೊಳೆತರೆ ಅದರ ಅಮೋನಿಯ ಅಕ್ಕಪಕ್ಕದವನ್ನೂ ಕೆಡಿಸುತ್ತದೆ. ಪೇಪರ್ ಕಪ್ಪಾದರೆ, ವಾಸನೆ ಬಂದರೆ ಹೊಸದು ಹಾಕಿ. ತಾಟನ್ನು ಸೋಪು ಮುಟ್ಟಿಸದೆ ಬರೀ ಸಮುದ್ರದ ನೀರಲ್ಲಿ ತೊಳೆಯಿರಿ. ಎರಡು ಬಾಟಲಿ ತುಂಬಿಕೊಳ್ಳಿ ಅಂದದ್ದು ಅದಕ್ಕೇ, ಒಂದು ಇದಕ್ಕೇ ಖಾಲಿಯಾಗುತ್ತದೆ.