ಹ್ಯಾಕ್ ಆದ ಕಂಪ್ಯೂಟರನ್ನು ತಕ್ಷಣ ಆಫ್ ಮಾಡಬೇಕಾ?

ಓದುಗರ ಪ್ರಶ್ನೆ: ಆಫೀಸಿನಲ್ಲಿ ನನ್ನ ಕಂಪ್ಯೂಟರಿನ ಮೌಸ್ ತಾನಾಗಿಯೇ ಓಡಾಡತೊಡಗಿತು. ಗಾಬರಿಯಾಗಿ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿದೆ. ಆಮೇಲೆ ಬಂದ ಐಟಿಯವರು "ಯಾಕ್ರೀ ಆಫ್ ಮಾಡಿದ್ರಿ?" ಎಂದು ರೇಗಿದರು. ನಾನು ಮಾಡಿದ್ದು ತಪ್ಪಾ?

ರೇಗುವಷ್ಟು ದೊಡ್ಡ ತಪ್ಪೇನಲ್ಲ. ಆ ಹೊತ್ತಿನಲ್ಲಿ ಯಾರ ಕೈಯಾದರೂ ಪವರ್ ಬಟನ್ನಿಗೇ ಹೋಗುತ್ತದೆ. ಆದರೆ ಕಿತ್ತುಹಾಕಬೇಕಾಗಿದ್ದದ್ದು ನೆಟ್‌ವರ್ಕ್ ಕೇಬಲ್. ವೈಫೈ ಇದ್ದರೆ ಅದನ್ನು ಆಫ್ ಮಾಡಬೇಕಿತ್ತು. ಮೌಸ್ ಆಡಿಸುತ್ತಿದ್ದವನು ಕೂತಿರುವುದು ಬೇರೆಲ್ಲೋ. ಸಂಪರ್ಕ ಕಡಿದರೆ ಅವನ ಆಟ ಅಲ್ಲಿಗೇ ನಿಲ್ಲುತ್ತದೆ. ಕಂಪ್ಯೂಟರ್ ಮಾತ್ರ ಹಾಗೇ ಆನ್ ಆಗಿರಲಿ.

ಐಟಿಯವರ ಸಂಕಟಕ್ಕೆ ಕಾರಣ, ಕಂಪ್ಯೂಟರ್ ಆನ್ ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್. ಆ ಗಳಿಗೆಯಲ್ಲಿ ಯಾವ್ಯಾವ ಪ್ರೋಗ್ರಾಂ ಓಡುತ್ತಿತ್ತು, ಯಾವ ಐಪಿ ವಿಳಾಸದ (ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಜೊತೆ ಮಾತುಕತೆ ನಡೆದಿತ್ತು, ನುಗ್ಗಿದವನು ಏನು ಕಮಾಂಡ್ ಕೊಟ್ಟ ಎಂಬುದರ ಕುರುಹುಗಳು ಅಲ್ಲಿರುತ್ತವೆ. ಕರೆಂಟ್ ಹೋದರೆ ಅದೂ ಹೋಯಿತು. ಕೆಲವು ಕಿಡಿಗೇಡಿ ಪ್ರೋಗ್ರಾಂಗಳಂತೂ ಡಿಸ್ಕಿನ ಕಡೆ ತಲೆಯೇ ಹಾಕುವುದಿಲ್ಲ. 2003ರ ಜನವರಿಯಲ್ಲಿ ಜಗತ್ತಿನಾದ್ಯಂತ ಇಂಟರ್ನೆಟ್ಟನ್ನು ತತ್ತರಿಸುವಂತೆ ಮಾಡಿದ ಸ್ಲ್ಯಾಮರ್ ಎಂಬ, ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುವ ವರ್ಮ್‌ನ ಗಾತ್ರ ಬರೀ 376 ಬೈಟ್. ಅದು ಬದುಕಿದ್ದು ರ‍್ಯಾಮ್‌ನಲ್ಲಿ ಮಾತ್ರ. ರೀಬೂಟ್ ಮಾಡಿದರೆ ಮಾಯ, ದೋಷ ಮುಚ್ಚುವ ಪ್ಯಾಚ್ ಹಾಕದೆ ನೆಟ್‌ವರ್ಕಿಗೆ ಸೇರಿಸಿದರೆ ಮತ್ತೆ ಹಾಜರ್.

ಆಫ್ ಮಾಡದೆ ಇದ್ದುದರಿಂದಲೇ ಕೆಲವರು ಬಚಾವಾದ ಉದಾಹರಣೆಯೂ ಇದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕಿಡಿಗೇಡಿ ಪ್ರೋಗ್ರಾಂ ಹರಡಿ, ಕಡತಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳತೊಡಗಿತ್ತು. ಬೀಗದ ಕೀಲಿ ತಯಾರಿಸಲು ಅದು ಬಳಸಿದ್ದ ಅವಿಭಾಜ್ಯ ಸಂಖ್ಯೆಗಳು ಹಳೆಯ ವಿಂಡೋಸ್‌ಗಳ ರ‍್ಯಾಮ್‌ನಲ್ಲಿ ಅಳಿಯದೆ ಉಳಿದುಬಿಡುತ್ತವೆ ಎಂಬುದನ್ನು ಆಡ್ರಿಯನ್ ಗಿನೆ ಎಂಬ ಫ್ರೆಂಚ್ ಸಂಶೋಧಕ ಕಂಡುಹಿಡಿದ. ಅದನ್ನೇ ಆಧರಿಸಿ ಬೆಂಜಮಿನ್ ಡೆಲ್ಪಿ ವನ್ನಾಕಿವಿ ಎಂಬ ಉಪಕರಣ ಬರೆದ. ಕಾಸು ಕೊಡದೆ ಕಡತ ವಾಪಸ್! ಷರತ್ತು ಇಷ್ಟೇ: ಸೋಂಕು ತಗುಲಿದ ಮೇಲೆ ಯಂತ್ರವನ್ನು ರೀಬೂಟ್ ಮಾಡಿರಬಾರದು, ರ‍್ಯಾಮ್‌ನ ಆ ಜಾಗದ ಮೇಲೆ ಬೇರೇನೂ ಬರೆದಿರಬಾರದು.

ಹಾಗಂತ ಇದನ್ನು ಕಣ್ಣುಮುಚ್ಚಿ ಪಾಲಿಸುವಂತಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಬಂದ ನಾಟ್‌ಪೆಟ್ಯಾ ಎಂಬ ಇನ್ನೊಂದು ಕಿಡಿಗೇಡಿ ಪ್ರೋಗ್ರಾಂ ಇದಕ್ಕೆ ತದ್ವಿರುದ್ಧ. ಅದು ಯಂತ್ರವನ್ನು ತಾನೇ ರೀಬೂಟ್ ಮಾಡಿಸಿ, ಡಿಸ್ಕ್ ರಿಪೇರಿ ನಡೆಯುತ್ತಿದೆ ಎಂಬ ಸುಳ್ಳು ಪರದೆ ತೋರಿಸುತ್ತಿತ್ತು. ಶೇಕಡಾ ಲೆಕ್ಕ ಸಾಚಾ ರಿಪೇರಿಯಂತೆಯೇ ಏರುತ್ತಿತ್ತು. ಹಿಂದುಗಡೆ ನಡೆಯುತ್ತಿದ್ದದ್ದು, ಯಾವ ಕಡತ ಡಿಸ್ಕಿನಲ್ಲಿ ಎಲ್ಲಿದೆ ಎಂದು ಹೇಳುವ ಪಟ್ಟಿಗೇ ಬೀಗ ಹಾಕುವ ಕೆಲಸ. ಅಲ್ಲಿ ತಕ್ಷಣ ಪ್ಲಗ್ ಕಿತ್ತವನೇ ಜಾಣ. ಕಣ್ಣೆದುರೇ ಕಡತಗಳ ಹೆಸರು ಒಂದೊಂದಾಗಿ ಬದಲಾಗುತ್ತಿದ್ದು, ಕೇಬಲ್ ಕಿತ್ತರೂ ನಿಲ್ಲದಿದ್ದರೆ ನಾನಾದರೂ ಆಫ್ ಮಾಡಿಬಿಡುತ್ತೇನೆ. ಸಾಕ್ಷ್ಯಕ್ಕಿಂತ ಕಡತ ಮುಖ್ಯವಾಗುವ ಹೊತ್ತು ಅದು.

ಉಳಿದ ಸಂದರ್ಭಗಳಲ್ಲಿ ಕೇಬಲ್ ಕಿತ್ತ ಮೇಲೆ ಕೀಬೋರ್ಡ್ ಮುಟ್ಟಬೇಡಿ. ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆಯಿರಿ. ಕಾಗದದ ಮೇಲೆ, ಹೌದು ಕಾಗದದ ಮೇಲೆಯೇ, ಬರೆಯಿರಿ: "10:42 ಮೌಸ್ ತಾನೇ ಓಡಿತು. 10:43 ಕೇಬಲ್ ಕಿತ್ತೆ. 10:45 ಫೋನ್ ಮಾಡಿ ತಿಳಿಸಿದೆ." ಬೆಲೆಬಾಳುವ ಸಾಫ್ಟ್‌ವೇರಿಗಿಂತ ಇಂಥ ಮೂರು ಸಾಲು ತನಿಖೆಗೆ ಹೆಚ್ಚು ನೆರವಾಗುತ್ತದೆ ಎಂದು ನನ್ನ ಅನಿಸಿಕೆ. ಒಳ್ಳೆಯ ಮನಸ್ಸಿನಿಂದಲೇ ಆಂಟಿವೈರಸ್ ಓಡಿಸುವುದೂ ಬೇಡ. ನೋಡಬೇಕಾದ ಕಡತವನ್ನೇ ಅದು ಅಳಿಸಿಬಿಟ್ಟೀತು. ಇಮೇಲ್ ಮೂಲಕ ತಿಳಿಸುವುದೂ ಬೇಡ, ಆ ಇಮೇಲನ್ನು ನುಗ್ಗಿದವನೂ ಓದುತ್ತಿರಬಹುದು. ಪಾಸ್‌ವರ್ಡ್ ಬದಲಿಸುವುದಿದ್ದರೆ ಬೇರೆ ಯಂತ್ರದಿಂದ.

ಇನ್ನು ನಿಮ್ಮ ವಿಷಯ. ಆಫ್ ಮಾಡಿದ್ದಾಯಿತು, ಈಗ "ಸರಿಯಾಗಿದೆಯಾ ನೋಡೋಣ" ಎಂದು ಮತ್ತೆ ಆನ್ ಮಾಡಬೇಡಿ. ವಿಂಡೋಸ್ ಒಮ್ಮೆ ಏಳುವಷ್ಟರಲ್ಲಿ ಎಷ್ಟೋ ಕಡತಗಳ ಮೇಲೆ ಹೊಸದಾಗಿ ಬರೆದಿರುತ್ತದೆ. ರ‍್ಯಾಮ್ ಹೋದರೂ ಎಲ್ಲವೂ ಹೋಗಿಲ್ಲ: ರ‍್ಯಾಮ್‌ನಲ್ಲಿ ಜಾಗ ಸಾಲದಾದಾಗ ವಿಂಡೋಸ್ ಅದರ ಚೂರುಗಳನ್ನು ಡಿಸ್ಕಿನ ಪೇಜ್‌ಫೈಲ್‌ಗೆ ಸಾಗಿಸಿರುತ್ತದೆ, ಲಾಗಿನ್ ದಾಖಲೆಗಳು ವಿಂಡೋಸ್ ತಾನೇ ಬರೆದಿಡುವ ಇವೆಂಟ್ ಲಾಗ್‌ನಲ್ಲಿವೆ. ಡಿಸ್ಕಿನ ಪೂರ್ತಿ ನಕಲು ತೆಗೆದು ಅದರಲ್ಲಿ ಹುಡುಕುವುದು ಐಟಿಯವರ ಕೆಲಸ. ನೀವು ಬಟನ್ ಒತ್ತಿದ ಸಮಯ ನೆನಪಿದ್ದರೆ ಬರೆದುಕೊಡಿ. ನೆಟ್‌ವರ್ಕಿನ ಒಳಹೊರಗಿನ ಸಂಚಾರ ಕಾಯುವ ಫೈರ್‌ವಾಲ್‌ನ ಲಾಗ್‌ನಲ್ಲಿ ಅವರು ಮೊದಲು ತೆರೆದು ನೋಡುವುದು ಆ ಹೊತ್ತಿನ ಸಾಲುಗಳನ್ನೇ.