ಪ್ರಯೋಗದ ಹೊಲಕ್ಕೆ ದುಡ್ಡು ಬಂದಿದೆ, ಮೊದಲು ಏನು ಕೊಳ್ಳೋಣ?

ಓದುಗರ ಪ್ರಶ್ನೆ: ನಮ್ಮ ಸಂಶೋಧನಾ ತಂಡಕ್ಕೆ ಸಲಕರಣೆಗಳಿಗಾಗಿ ಒಂದಿಷ್ಟು ಹಣ ಮಂಜೂರಾಗಿದೆ. ಡ್ರೋನ್ ಮತ್ತು ಒಳ್ಳೆಯ ಕ್ಯಾಮೆರಾ ತರೋಣ ಅನ್ನುವವರೇ ಜಾಸ್ತಿ. ಇದು ಸರಿಯಾ?

ಉತ್ತರ: ಡ್ರೋನ್ ಆಮೇಲೆ ಬರಲಿ. ಮೊದಲು ನಿಮ್ಮ ತೂಕದ ಯಂತ್ರ ಮತ್ತು ಒಣಗಿಸುವ ಓವನ್ ಹೇಗಿವೆ ನೋಡಿ.

ಒಂದು ಲೆಕ್ಕ ಹಾಕೋಣ. ನಿಮ್ಮ ತಾಕು, ಅಂದರೆ ಪ್ರಯೋಗಕ್ಕೆ ಗುರುತು ಹಾಕಿದ ಹೊಲದ ತುಂಡು, 10 ಚದರ ಮೀಟರ್ ಇದೆ ಅಂದುಕೊಳ್ಳಿ. ಅದರ ಇಳುವರಿಯನ್ನು ಹೆಕ್ಟೇರ್ ಲೆಕ್ಕದಲ್ಲಿ ಹೇಳಲು 1,000ದಿಂದ ಗುಣಿಸುತ್ತೀರಿ. ತೂಗುವಾಗ 100 ಗ್ರಾಂ ಹೆಚ್ಚುಕಮ್ಮಿಯಾದರೆ ವರದಿಯಲ್ಲಿ 100 ಕೆ.ಜಿ. ಹೆಚ್ಚುಕಮ್ಮಿ! ತೇವಾಂಶದ ಕಥೆ ಇನ್ನೂ ದೊಡ್ಡದು. ಇಬ್ಬನಿ ಆರುವ ಮೊದಲೇ ಕೊಯ್ದ ತಾಕಿನಲ್ಲಿ 5 ಕೆ.ಜಿ. ಕಾಳು, ಮಧ್ಯಾಹ್ನ ಕೊಯ್ದದ್ದರಲ್ಲೂ 5 ಕೆ.ಜಿ. ಮೊದಲನೆಯದರಲ್ಲಿ ಶೇ. 18 ತೇವ, ಎರಡನೆಯದರಲ್ಲಿ ಶೇ. 12. ನೀರು ಕಳೆದರೆ ಉಳಿಯುವುದು 4.1 ಮತ್ತು 4.4 ಕೆ.ಜಿ. ಹೆಕ್ಟೇರಿಗೆ 300 ಕೆ.ಜಿ. ವ್ಯತ್ಯಾಸ. ಎರಡು ತಳಿಗಳ ನಡುವೆ ನೀವು ಹುಡುಕುತ್ತಿರುವ ವ್ಯತ್ಯಾಸವೇ ಅಷ್ಟಿರಬಹುದು, ಅಲ್ವಾ?

ಓವನ್ ಕೊಳ್ಳುವಾಗ ಕಟಾವಿನ ದಿನವನ್ನು ಕಣ್ಣಮುಂದೆ ತಂದುಕೊಳ್ಳಿ. 12 ಉಪಚಾರ (ಹೋಲಿಸಿ ನೋಡುವ ತಳಿ ಅಥವಾ ಗೊಬ್ಬರ), ಪ್ರತಿಯೊಂದಕ್ಕೂ 4 ಪುನರಾವರ್ತನೆ (ಬೇರೆ ಬೇರೆ ತಾಕುಗಳಲ್ಲಿ ಮತ್ತೆ ಮತ್ತೆ ಬೆಳೆಸುವುದು) ಅಂದರೆ ಸಂಜೆಗೆ ಹಸಿ ಬೆಳೆಯ 48 ಚೀಲ. ಓವನ್‌ನಲ್ಲಿ 20 ಮಾತ್ರ ಹಿಡಿಸಿದರೆ ಉಳಿದ 28 ಹಸಿ ಚೀಲಗಳು ಮೂಲೆಯಲ್ಲಿ ರಾಶಿ ಬೀಳುತ್ತವೆ. ಅಂಥ ಚೀಲದೊಳಗೆ ಮಾರನೇ ದಿನ ಕೈ ಹಾಕಿದ್ದೇನೆ. ಬೆಚ್ಚಗಿತ್ತು, ಬೂಷ್ಟಿನ ವಾಸನೆ ಬರುತ್ತಿತ್ತು. ಕೊಯ್ದ ಸೊಪ್ಪು ಇನ್ನೂ ಉಸಿರಾಡುತ್ತಿರುತ್ತದೆ, ತನ್ನ ತೂಕವನ್ನು ತಾನೇ ಕರಗಿಸಿಕೊಳ್ಳುತ್ತದೆ. ಹೀಗೆ ಹೋದ ತೂಕವನ್ನು ಯಾವ ಸೂತ್ರವೂ ವಾಪಸ್ ತರುವುದಿಲ್ಲ.

ಹೊಲವೂ ಒಂದು ಸಲಕರಣೆಯೇ. ನೀರು ಬಸಿಯುವ ಕಾಲುವೆ, ಬೇಲಿ, ಸಮನಾಗಿ ನೀರು ಹಾಯಿಸುವ ಪೈಪು, ಇವಕ್ಕೆ ಹಣ ತೆಗೆದಿಡಿ. ಸಾಧ್ಯವಾದರೆ ಒಂದು ಹಂಗಾಮು ಇಡೀ ಹೊಲಕ್ಕೆ ಒಂದೇ ತಳಿ, ಒಂದೇ ಗೊಬ್ಬರ ಹಾಕಿ, ತುಂಡುತುಂಡಾಗಿ ಕೊಯ್ದು ತೂಗಿ. ಎಲ್ಲಿ ಮಣ್ಣು ಸೊಂಪಾಗಿದೆ, ಎಲ್ಲಿ ಸೊರಗಿದೆ ಅಂತ ನಕ್ಷೆಯೇ ಸಿಗುತ್ತದೆ. ಮುಂದೆ ಬ್ಲಾಕ್‌ಗಳನ್ನು, ಅಂದರೆ ಒಂದೇ ಥರದ ಮಣ್ಣಿರುವ ತಾಕುಗಳ ಗುಂಪುಗಳನ್ನು, ಎಲ್ಲಿ ಗುರುತಿಸಬೇಕು ಅನ್ನುವುದು ಅದರಿಂದಲೇ ತಿಳಿಯುತ್ತದೆ.

ಮಾದರಿಗಳನ್ನು ಇಡಲು ಒಣ ಕೊಠಡಿಯೊಂದು ಬೇಕೇ ಬೇಕು. ಇದನ್ನು ಎಲ್ಲರೂ ಕೊನೆಗೆ ತಳ್ಳುತ್ತಾರೆ, ನನಗೆ ಬೇಸರವಾಗುವುದೇ ಅಲ್ಲಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಲ್ಲಿ ಶುರುವಾದ ಗೋಧಿ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅಲ್ಲಿ ಎತ್ತಿಟ್ಟ ಹಳೆಯ ಮಾದರಿಗಳಿಂದ ವಿಜ್ಞಾನಿಗಳು ರೋಗಕಾರಕ ಶಿಲೀಂಧ್ರಗಳ ಡಿಎನ್‌ಎ ತೆಗೆದು, ಗಾಳಿಯ ಗಂಧಕದ ಮಾಲಿನ್ಯಕ್ಕೂ ಆ ರೋಗಗಳ ಏರಿಳಿತಕ್ಕೂ ನಂಟಿರುವುದನ್ನು ಕಂಡುಕೊಂಡರು. ಮೊದಲ ಮಾದರಿಗಳನ್ನು ಎತ್ತಿಟ್ಟಾಗ ಡಿಎನ್‌ಎ ಅನ್ನುವ ಹೆಸರೇ ಇರಲಿಲ್ಲ.

ತಾಕು ಕೊಯ್ಯುವ ಕಂಬೈನ್ (ಕೊಯ್ದು ಕಾಳು ಬೇರ್ಪಡಿಸುವ ಯಂತ್ರ) ದುಬಾರಿ, ವರ್ಷಕ್ಕೆ ಕೆಲವೇ ವಾರ ಓಡುತ್ತದೆ. ನಾಲ್ಕು ತಂಡ ಸೇರಿ ಕೊಳ್ಳುವುದು ಒಳ್ಳೆಯದು.

ಇನ್ನು ಡ್ರೋನ್. ನೂರಾರು ತಾಕುಗಳನ್ನು ಒಂದೇ ಬೆಳಕಿನಲ್ಲಿ ನೋಡಬೇಕಾದಾಗ ಅದಕ್ಕೆ ಸಾಟಿಯಿಲ್ಲ. ಆದರೆ ಅದು ಕೊಡುವುದು ಎಲೆಗೆ ಬಿದ್ದು ಪ್ರತಿಫಲಿಸಿದ ಬೆಳಕಿನ ಅಂಕಿ. ಅದನ್ನು ಬೆಳೆಯ ತೂಕವಾಗಿ ಓದಬೇಕಾದರೆ ಕೆಲವು ತಾಕುಗಳನ್ನು ಕೊಯ್ದು, ಒಣಗಿಸಿ, ತೂಗಿ ಹೋಲಿಸಲೇಬೇಕು. ಮತ್ತೆ ಅದೇ ಓವನ್, ಅದೇ ತೂಕದ ಯಂತ್ರ. ಅದರ ಜೊತೆ 5 ಕೆ.ಜಿ.ಯ ಒಂದು ಪ್ರಮಾಣಿತ ತೂಕದ ಬಟ್ಟನ್ನೂ ಕೊಳ್ಳಿ. ಕಟಾವಿನ ದಿನ ಬೆಳಗ್ಗೆ ಮೊದಲ ಚೀಲಕ್ಕಿಂತ ಮುಂಚೆ ಅದನ್ನಿಟ್ಟು, ಯಂತ್ರ ತೋರಿಸಿದ ಅಂಕಿಯನ್ನು ಹೊಲದ ಪುಸ್ತಕದಲ್ಲಿ ಬರೆಯಿರಿ.