ಯಾವ ವೆಲ್ಲೆಸ್ಲಿ? ಮೊದಲು ತಾರೀಖು ನೋಡಿ

ಕಂಪನಿ ಕಾಲದ ಕಾಗದಪತ್ರ ಓದಿಕೊಡುವುದು ನನ್ನ ಕಸುಬು. ಕಾದಂಬರಿ ಬರೆಯುವವರು, ಊರಿನ ಚರಿತ್ರೆ ಬರೆಯುವವರು, ಪ್ರವಾಸಿ ಗೈಡ್‌ಗಳು ಬರುತ್ತಾರೆ. ಎಲ್ಲರ ಕರಡಿನಲ್ಲೂ ಅದೇ ಸಾಲು: ‘ಟಿಪ್ಪುವನ್ನು ಸೋಲಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ ಡ್ಯೂಕ್ ಆದ.’ ಗವರ್ನರ್ ಜನರಲ್ ಆಗಿದ್ದವನು ಅಣ್ಣ ರಿಚರ್ಡ್, ಡ್ಯೂಕ್ ಆದವನು ತಮ್ಮ ಆರ್ಥರ್. ಇಬ್ಬರನ್ನೂ ಸೇರಿಸಿ ಒಬ್ಬನನ್ನು ಮಾಡಿರುತ್ತಾರೆ. ಮುಂದಿನ ಪುಟದಲ್ಲಿ ಮಾರ್ನಿಂಗ್ಟನ್ ಅನ್ನೋ ಇನ್ನೊಬ್ಬ ಬರುತ್ತಾನೆ. ಅವನು ಮತ್ತೆ ಅದೇ ಅಣ್ಣ!

ಇದೊಂದನ್ನು ದಯವಿಟ್ಟು ಕೇಳಿ. ಬ್ರಿಟಿಷರ ಬಿರುದು ಬೇರೆ, ಮನೆತನದ ಹೆಸರು ಬೇರೆ. ಬಿರುದು ಸಿಕ್ಕ ದಿನದಿಂದ ಆ ಮನುಷ್ಯನನ್ನು ಅದರಿಂದಲೇ ಕರೆಯುತ್ತಾರೆ, ಅವನ ರುಜುವೂ ಅದೇ. ಇನ್ನೂ ದೊಡ್ಡ ಬಿರುದು ಬಂದರೆ ಮತ್ತೆ ಬದಲು. ಅರ್ಲ್‌ಗಿಂತ ಮಾರ್ಕ್ವೆಸ್ ದೊಡ್ಡದು, ಅದಕ್ಕಿಂತ ಡ್ಯೂಕ್.

ಅಣ್ಣ ರಿಚರ್ಡ್ 1781ರಲ್ಲಿ ಅಪ್ಪ ತೀರಿಕೊಂಡಾಗ ಅರ್ಲ್ ಆಫ್ ಮಾರ್ನಿಂಗ್ಟನ್ ಆದ. (ಅಪ್ಪ ಡಬ್ಲಿನ್‌ನಲ್ಲಿ ಸಂಗೀತದ ಪ್ರೊಫೆಸರ್ ಆಗಿದ್ದವನು. ಬಿಟ್ಟುಹೋದದ್ದು ಸಾಲವೇ ಜಾಸ್ತಿ.) 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗಲೂ ಅವನು ಮಾರ್ನಿಂಗ್ಟನ್ನೇ. ಮಾರ್ಕ್ವೆಸ್ ವೆಲ್ಲೆಸ್ಲಿ ಆದದ್ದು ಆ ಡಿಸೆಂಬರಿನಲ್ಲಿ. ಅದೂ ಇಂಗ್ಲೆಂಡಿನದಕ್ಕಿಂತ ಕಡಿಮೆ ಅನಿಸಿಕೊಂಡ ಐರ್ಲೆಂಡಿನ ಬಿರುದು ಅಂತ ಅವನಿಗೆ ಉರಿ. ಆಲೂಗಡ್ಡೆಗೆ ಚಿನ್ನದ ನೀರು ಬಳಿದು ಕೊಟ್ಟರು ಅಂತ ಗೊಣಗಿದ.

ತಮ್ಮ ಆರ್ಥರ್ ಆಗ 33ನೇ ರೆಜಿಮೆಂಟಿನ ಕರ್ನಲ್, ಅಷ್ಟೇ. 1798ರ ಮೇ ತಿಂಗಳವರೆಗೂ ಅವನ ರುಜು ‘ವೆಸ್ಲಿ’, ಮನೆತನದ ಹೆಸರಿನ ಹಳೆಯ ರೂಪ. ವೆಲಿಂಗ್ಟನ್ ಅನ್ನೋದು ಬಂದದ್ದು 1809ರಲ್ಲಿ, ಸ್ಪೇನಿನ ತಲವೇರಾ ಯುದ್ಧ ಗೆದ್ದ ಮೇಲೆ. ಆ ಹೆಸರನ್ನೂ ಅವನು ಆರಿಸಲಿಲ್ಲ. ಇಂಗ್ಲೆಂಡಿನಲ್ಲಿದ್ದ ಇನ್ನೊಬ್ಬ ಅಣ್ಣ ವಿಲಿಯಂ, ಸಾಮರ್ಸೆಟ್ ಕಡೆಯ ಊರೊಂದರ ಹೆಸರು ಹಿಡಿದು ಗೊತ್ತುಮಾಡಿಬಿಟ್ಟ. ಡ್ಯೂಕ್ ಆದದ್ದು 1814ರಲ್ಲಿ.

ಈಗ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಬನ್ನಿ. ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ್ದು. ಆ ವರ್ಷ ಮಾರ್ಕ್ವೆಸ್ ವೆಲ್ಲೆಸ್ಲಿ ಯಾರು? ಅಣ್ಣ. ತಮ್ಮ ಅದೇ ಊರಲ್ಲಿ ದರಿಯಾ ದೌಲತ್‌ನಲ್ಲಿ ವಾಸವಿದ್ದನಲ್ಲ, ಅದಕ್ಕೇ ಗೈಡ್‌ಗಳು ಸೇತುವೆಯನ್ನೂ ಅವನ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ವಿಷಯ ಬಿಟ್ಟು ಒಂದು ಮಾತು. ಆರ್ಥರ್ 1800ರಲ್ಲಿ ಕಂಪನಿಯ ವಿರುದ್ಧ ದಂಡು ಕಟ್ಟಿದ್ದ ಚನ್ನಗಿರಿಯ ಧೋಂಡಿಯ ವಾಘ್‌ನ ಬೆನ್ನುಹತ್ತಿ ಹೋದ, ಧೋಂಡಿಯ ಯುದ್ಧದಲ್ಲಿ ಸತ್ತ. ಅವನ ಸಾಮಾನುಗಳ ನಡುವೆ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ಆ ಮಗುವನ್ನು ಆರ್ಥರನೇ ಸಾಕಿಸಿದ, ದೇಶ ಬಿಡುವಾಗ ಅವನ ಖರ್ಚಿಗೆ ದುಡ್ಡಿಟ್ಟು ಹೋದ. ಹಾಗಂತ ಅವನನ್ನು ದೇವರು ಮಾಡಬೇಡಿ.

ತಾರೀಖಿಲ್ಲದ ಚೀಟಿ ತಂದು ‘ಇದು ಯಾವ ವೆಲ್ಲೆಸ್ಲಿ, ಹೇಳಿಬಿಡಿ ಸಾರ್’ ಅಂದರೆ ನಾನು ಹೇಳಲ್ಲ. ಕೈಬರಹ, ಕಾಗದದ ವಾಟರ್‌ಮಾರ್ಕ್ ನೋಡಿ ‘ಇರಬಹುದು’ ಅಂತೀನಿ, ಅಷ್ಟೇ.

‘ಹಾಗಾದ್ರೆ ಈಗಿನ ಡ್ಯೂಕ್ ರಿಚರ್ಡನ ವಂಶದವನಲ್ವಾ?’ ಅಂತ ಕೇಳುತ್ತಾರೆ. ಅಲ್ಲ, ಆರ್ಥರನ ವಂಶ. ರಿಚರ್ಡ್ ಫ್ರಾನ್ಸಿನ ಯಸಾಂತ್ ರೋಲಾಂಳನ್ನು ಮದುವೆಯಾದದ್ದು 1794ರಲ್ಲಿ. ಐದು ಮಕ್ಕಳೂ ಅದಕ್ಕೆ ಮೊದಲೇ ಹುಟ್ಟಿದ್ದವು. ಆಮೇಲೆ ತಾಳಿ ಕಟ್ಟಿದರೂ ಅಂಥ ಮಕ್ಕಳಿಗೆ ಅಪ್ಪನ ಬಿರುದಿಲ್ಲ. ಹಾಗಾಗಿ 1842ರಲ್ಲಿ ಅವನು ಸತ್ತಾಗ ಮಾರ್ಕ್ವೆಸ್ ಬಿರುದು ಮುಗಿಯಿತು. ಮಾರ್ನಿಂಗ್ಟನ್ ಮಾತ್ರ ವಿಲಿಯಂನ ಕಡೆಗೆ ಹೋಗಿ, ಆ ಸಾಲೂ ನಿಂತಾಗ 1863ರಲ್ಲಿ ಆರ್ಥರನ ಮಗನ ಮನೆ ಸೇರಿತು. ರಿಚರ್ಡನ ಆ ಐದು ಮಕ್ಕಳಲ್ಲಿ ಆ್ಯನ್ ಅನ್ನೋ ಮಗಳೊಬ್ಬಳಿದ್ದಳು. ರಾಣಿ ಎರಡನೇ ಎಲಿಜಬೆತ್ ಇವಳ ಮರಿಮಗಳ ಮಗಳು.